ಮೈನಸ್ ಎರಡು

ಹೋದ ತಿಂಗಳು ತಿಪಟೂರಿನ ಬಸ್ ಸ್ಟ್ಯಾಂಡ್ ಹತ್ತಿರ ಟೀ ಕುಡಿಯುತ್ತಾ ನಿಂತಿದ್ದೆ. ಪಕ್ಕದಲ್ಲಿ ಇಬ್ಬರು ಗಣಪತಿ ಹಬ್ಬದ ಮಾತಾಡುತ್ತಿದ್ದರು. ಈ ಸಲ ಆರ್ಕೆಸ್ಟ್ರಾ ಯಾರದ್ದು ಇಡಿಸೋಣ ಅಂತ ಲೆಕ್ಕ ನಡೆದಿತ್ತು. ಒಬ್ಬರು ನಮ್ಮ ಹಳೇ ತಂಡದ ಹೆಸರು ಎತ್ತಿದರು. ಇನ್ನೊಬ್ಬರು ತಕ್ಷಣ ತಲೆ ಆಡಿಸಿಬಿಟ್ಟರು. "ಅವರು ಬೇಡ ಕಣಪ್ಪ. ಅವತ್ತು ನಮ್ಮ ಬೀಗರ ಊರಲ್ಲಿ ಒಂದು ಹುಡುಗಿ ಅಪಸ್ವರ ಹಾಡಿ ಇಡೀ ಕಾರ್ಯಕ್ರಮ ಕೆಡಿಸಿಬಿಟ್ಲು. ಆ ವಿಡಿಯೋ ನೋಡಿಲ್ವಾ ನೀನು?"

ಆ ರಾತ್ರಿ ಕೀಬೋರ್ಡ್ ಮುಂದೆ ಕೂತಿದ್ದವನು ನಾನು. ಅವರಿಗೆ ಅದು ಗೊತ್ತಿರಲಿಲ್ಲ. ನಾನು ಬಾಯಿ ತೆಗೆಯಬೇಕಿತ್ತು. ತೆಗೆಯಲಿಲ್ಲ. ಅರ್ಧ ಟೀ ಹಾಗೇ ಬಿಟ್ಟು, ದುಡ್ಡು ಕೊಟ್ಟು ಬಂದುಬಿಟ್ಟೆ. ಅದು 2018ರ ಗಣಪತಿ ಹಬ್ಬದ ಮಾತು. ಇಷ್ಟು ವರ್ಷವಾದರೂ ಜನರ ಬಾಯಲ್ಲಿ ಆ ಹುಡುಗಿಯ ಅಪಸ್ವರ ಉಳಿದುಕೊಂಡಿದೆ. ಅಂದು ನಿಜವಾಗಿ ಏನಾಯಿತು ಅನ್ನುವುದು ನನಗೆ ಮಾರನೇ ದಿನ ಬೆಳಿಗ್ಗೆಯೇ ಗೊತ್ತಾಗಿತ್ತು. ಅದನ್ನು ಇಲ್ಲಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾಗುತ್ತೆ, ಯಾಕಂದರೆ ತಪ್ಪು ಒಂದೇ ಕಡೆ ಆಗಿದ್ದಲ್ಲ.

ಎಷ್ಟು ಬಾಕ್ಸ್?

ನಮ್ಮದು ಏಳು ಜನರ ತಂಡ. ಇಬ್ಬರು ಗಾಯಕರು, ಒಬ್ಬಳು ಗಾಯಕಿ, ನಾನು, ತಬಲ ಮತ್ತು ಢೋಲಕ್‌ಗೆ ಒಬ್ಬರು, ರಿದಮ್ ಪ್ಯಾಡ್ ಬಾರಿಸುವ ಒಬ್ಬ ಹುಡುಗ, ಜೊತೆಗೆ ನಿರೂಪಣೆ ಮಾಡುವ ಒಬ್ಬ ಮೇಷ್ಟ್ರು. ಎಲ್ಲರಿಗೂ ಬೇರೆ ಕೆಲಸ ಇತ್ತು. ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುವವರಿದ್ದರು, ಶಾಲೆಯಲ್ಲಿ ಪಾಠ ಮಾಡುವವರಿದ್ದರು. ಗಣಪತಿ ಹಬ್ಬದಿಂದ ರಾಜ್ಯೋತ್ಸವದವರೆಗೆ ಮಾತ್ರ ನಾವು ಕಲಾವಿದರು. ಹಳೇ ಸಿನಿಮಾ ಹಾಡು, ಅಣ್ಣಾವ್ರ ಹಾಡು, ಕೊನೆಗೆ ಹುಡುಗರು ಕುಣಿಯೋಕೆ ನಾಲ್ಕು ಹೊಸ ಹಾಡು. ಕರಪತ್ರದಲ್ಲಿ ‘ಸಂಗೀತ ರಸಮಂಜರಿ’ ಅಂತ ದಪ್ಪ ಅಕ್ಷರದಲ್ಲಿ ಹಾಕುತ್ತಿದ್ದರು. ಅಣ್ಣಾವ್ರೇ ರಸಮಂಜರಿ ವೇದಿಕೆ ಮೇಲೆ ನಿಂತು ಹಾಡಿದವರು. ಹಾಗಾಗಿ ನಮಗೆ ಆ ಪದದ ಮೇಲೆ ಒಂದು ಗೌರವ.

ಆ ಹಳ್ಳಿಯ ಸಮಿತಿಯವರು ಒಪ್ಪಿಕೊಂಡಿದ್ದು 22,000 ರೂಪಾಯಿ. ಮೈಕ್‌ಸೆಟ್ ಅವರದೇ. "ನೀವು ಬರೀ ವಾದ್ಯ ತನ್ನಿ, ಸೌಂಡ್ಸ್ ನಮ್ಮ ಹುಡುಗಂದೇ ಇದೆ" ಅಂದಿದ್ದರು. ಫೋನಿನಲ್ಲಿ ನಾನು ಮಾನಿಟರ್, ಅಂದರೆ ಹಾಡುವವರ ಕಡೆಗೇ ತಿರುಗಿಸಿ ಇಡುವ ಸ್ಪೀಕರ್ ಬಾಕ್ಸ್, ಎಷ್ಟು ಅಂತ ಕೇಳಿದೆ. "ಎಂಟು ಬಾಕ್ಸ್ ಇದೆ ಸಾರ್, ಪಕ್ಕದೂರಿಗೂ ಕೇಳಿಸುತ್ತೆ" ಅನ್ನುವ ಉತ್ತರ ಬಂತು. ನಾನು ಕೇಳಿದ್ದೇ ಒಂದು, ಅವರು ಹೇಳಿದ್ದೇ ಇನ್ನೊಂದು. ಆದರೂ ನಾನು ಮತ್ತೆ ಕೇಳಲಿಲ್ಲ. ನಮ್ಮ ಕಡೆ ಕಾರ್ಯಕ್ರಮದ ದೊಡ್ಡಸ್ತಿಕೆಯನ್ನು ಬಾಕ್ಸ್ ಲೆಕ್ಕದಲ್ಲೇ ಅಳೆಯುತ್ತಾರೆ. ಹೋದ ವರ್ಷ ಆ ಬೀದಿಯವರು ಆರು ಇಟ್ಟಿದ್ದರೆ ಈ ವರ್ಷ ಈ ಬೀದಿಯವರು ಎಂಟು ಇಡಬೇಕು. ಎದೆ ಗುದ್ದುವ ಹಾಗೆ ಬೇಸ್ ಬರಬೇಕು. ಹಾಡುವವರಿಗೆ ಏನು ಕೇಳಿಸುತ್ತೆ ಅಂತ ಒಬ್ಬರೂ ಕೇಳಿದ್ದು ನನಗೆ ನೆನಪಿಲ್ಲ.

ಸಂಜೆ ಐದಕ್ಕೇ ಹೋದೆವು. ಶಾಲೆ ಮೈದಾನದಲ್ಲಿ ವೇದಿಕೆ. ಎದುರಿಗೆ, ಸುಮಾರು 50 ಮೀಟರ್ ದೂರದಲ್ಲಿ, ಶಾಲೆಯ ಉದ್ದನೆಯ ಕಟ್ಟಡ. ವೇದಿಕೆಯ ಎರಡೂ ಪಕ್ಕ ನಾಲ್ಕು ನಾಲ್ಕು ಬಾಕ್ಸ್, ಎಲ್ಲಾ ಜನರ ಕಡೆಗೆ ಮುಖ ಮಾಡಿದ್ದವು. ರಸ್ತೆಯುದ್ದಕ್ಕೂ ಕಂಬಕ್ಕೆ ಹಾರ್ನ್ ಕಟ್ಟಿದ್ದರು. ವೇದಿಕೆ ಮೇಲೆ ಒಂದೇ ಒಂದು ಮಾನಿಟರ್ ಇತ್ತು. ಒಂದಾದರೂ ಇದೆಯಲ್ಲ ಅಂತ ಸಮಾಧಾನವಾಯಿತು. ಸೌಂಡ್ ಚೆಕ್ ಮಾಡೋಣ ಅಂದರೆ ಗಣಪತಿಗೆ ಮಹಾಮಂಗಳಾರತಿ ಆಗಲಿ ಅಂದರು. ಮಂಗಳಾರತಿ ಆಯಿತು, ಮಕ್ಕಳ ಡ್ಯಾನ್ಸ್ ಶುರುವಾಯಿತು. ಡ್ಯಾನ್ಸ್ ಮುಗಿಯಿತು, ಸನ್ಮಾನ ಶುರುವಾಯಿತು. ಭಾಷಣ ಮಾಡುವಾಗಲೇ ಮೈಕು ಎರಡು ಸಲ ಕುಂಯ್ ಅಂತ ಕಿರುಚಿತು. ಜನ ಕಿವಿ ಮುಚ್ಚಿಕೊಂಡರು. ಮೈಕ್‌ಸೆಟ್ ಹುಡುಗ ಸೌಂಡ್ ಮಿಕ್ಸರ್‌ನಲ್ಲಿ ಏನೋ ತಿರುಗಿಸಿದ. ಭಾಷಣಕಾರರ ದನಿ ಬಾವಿಯೊಳಗಿಂದ ಬಂದ ಹಾಗೆ ಕೇಳತೊಡಗಿತು.

ಸನ್ಮಾನದ ಹೊತ್ತಿನಲ್ಲೇ ಆ ಮಾನಿಟರ್ ಹೋಯಿತು. ಹೆಂಗಸರು ಕೂತಿದ್ದ ಕಡೆ ಭಾಷಣ ಸರಿಯಾಗಿ ಕೇಳಿಸುತ್ತಿರಲಿಲ್ಲ. ಸಮಿತಿಯ ಒಬ್ಬರು ಬಂದು ಅದನ್ನು ಎತ್ತಿಸಿ ಆ ಕಡೆಗೆ ತಿರುಗಿಸಿ ಇಡಿಸಿದರು. ಅವರ ಮಟ್ಟಿಗೆ ಅದು ಸರಿಯೇ. ವೇದಿಕೆ ಕಡೆ ತಿರುಗಿ ಸುಮ್ನೆ ಕೂತಿರುವ ಒಂದು ಬಾಕ್ಸ್ ಅವರಿಗೆ ದಂಡ ಅನ್ನಿಸಿತು. ನಾನು ಹೋಗಿ ಕೇಳಿದ್ದಕ್ಕೆ "ನೀವು ಹತ್ರಾನೇ ಇರ್ತೀರಲ್ಲ ಸಾರ್, ನಿಮಗೆ ಕೇಳಿಸಲ್ವಾ?" ಅಂದರು. ಮಾತು ಬೆಳೆಸಲು ಹೊತ್ತಿರಲಿಲ್ಲ. ಆಗಲೇ ಒಂಬತ್ತೂ ಇಪ್ಪತ್ತು. ಹತ್ತು ಗಂಟೆಗೆ ಮೈಕ್ ನಿಲ್ಲಿಸಬೇಕು, ಅದು 2000ನೇ ಇಸವಿಯ ಶಬ್ದಮಾಲಿನ್ಯ ನಿಯಮ. ಹಬ್ಬದ ದಿನಗಳಲ್ಲಿ ಸರ್ಕಾರ ವಿಶೇಷ ಅನುಮತಿ ಕೊಟ್ಟರೆ ಹನ್ನೆರಡರವರೆಗೆ ಹೋಗಬಹುದು. ಆ ಊರಿಗೆ ಆ ಅನುಮತಿ ಇರಲಿಲ್ಲ. ಪೊಲೀಸಿನವರು ಹಿಂದೆ ಬೈಕ್ ಮೇಲೆ ಕೂತಿದ್ದರು. ನಲವತ್ತು ನಿಮಿಷದಲ್ಲಿ ಹದಿನಾಲ್ಕು ಹಾಡಿನ ಪಟ್ಟಿ. ಸೌಂಡ್ ಚೆಕ್ ಎಲ್ಲಿಂದ ಬರಬೇಕು? "ಹಲೋ ಹಲೋ, ಮೈಕ್ ಟೆಸ್ಟಿಂಗ್" ಅಂದಿದ್ದಷ್ಟೇ.

ಆ ಹಾಡು

ಗಣಪತಿ ಸ್ತುತಿ ಮುಗಿಯಿತು. ಅಣ್ಣಾವ್ರ ಒಂದು ಹಾಡು ಮುಗಿಯಿತು. ಮೂರನೆಯದು ಅವಳದು. ಜಾನಕಿಯಮ್ಮ ಹಾಡಿದ ಒಂದು ಹಳೇ ಹಾಡು. ಶುರುವಿನಲ್ಲಿ ವಾದ್ಯ ಇಲ್ಲ, ಬರೀ ಆಲಾಪ. ಆಲಾಪ ಮುಗಿದ ಮೇಲೆ ನಾನು ಹಿಡಿಯಬೇಕು, ಆಮೇಲೆ ತಾಳ.

ಹಾಡಿನ ಮೂಲ ಸ್ಕೇಲ್, ಅಂದರೆ ಶ್ರುತಿ, ನಮ್ಮ ಲೆಕ್ಕದಲ್ಲಿ ಸಿ ಶಾರ್ಪ್. ಅವಳ ಗಂಟಲಿಗೆ ಅದು ಸ್ವಲ್ಪ ಮೇಲಾಗುತ್ತಿತ್ತು. ಅದಕ್ಕೆ ನಾವು ಎರಡು ಮನೆ (ಕೀ) ಕೆಳಗಿನ ಬಿ ಸ್ಕೇಲಿನಲ್ಲಿ ಅಭ್ಯಾಸ ಮಾಡಿದ್ದೆವು. ಕೀಬೋರ್ಡ್ ನುಡಿಸುವವರಿಗೆ ಇದು ದೊಡ್ಡ ವಿಷಯವಲ್ಲ. ಟ್ರಾನ್ಸ್‌ಪೋಸ್ ಗುಂಡಿಯನ್ನು ಎರಡು ಸಲ ಕೆಳಗೆ ಒತ್ತಿದರೆ ಆಯಿತು. ಪರದೆ ಮೇಲೆ ಮೈನಸ್ ಎರಡು ಅಂತ ಬರುತ್ತೆ. ಬೆರಳು ಸಿ ಶಾರ್ಪ್ ನುಡಿಸುತ್ತೆ, ದನಿ ಬಿ ಬರುತ್ತೆ. ಎರಡನೇ ಹಾಡು ಮುಗಿಯುವ ಮುಂಚೆಯೇ ನಾನು ನಿರೂಪಕರಿಗೆ ಕಣ್ಣಿನಲ್ಲೇ ಹೇಳಿ, ಅವರು ಮಾತಾಡುತ್ತಿದ್ದಾಗ ಮೈನಸ್ ಎರಡು ಇಟ್ಟುಕೊಂಡೆ. ಇದು ನನಗೆ ಚೆನ್ನಾಗಿ ನೆನಪಿದೆ.

ಅಷ್ಟರಲ್ಲಿ ಗಣಪತಿಯ ಹಿಂದಿನ ತಿರುಗುವ ದೀಪದ ಚಕ್ರವನ್ನು ಯಾರೋ ಹಾಕಿದರು. ಸೀರಿಯಲ್ ಸೆಟ್, ಚಕ್ರ, ಎಂಟು ಬಾಕ್ಸ್, ಎಲ್ಲಾ ಒಂದೇ ಜನರೇಟರ್ ಮೇಲೆ. ದೀಪಗಳೆಲ್ಲ ಒಂದು ಕ್ಷಣ ಕೆಂಪಗಾದವು, ಹೋದವು, ಮತ್ತೆ ಬಂದವು. ಜನ ಓ ಅಂತ ಕೂಗಿದರು. ನನ್ನ ಕೀಬೋರ್ಡ್ ಆರಿ ಮತ್ತೆ ಹೊತ್ತಿಕೊಂಡಿತು. ಪರದೆ ಮೇಲೆ ಮೊದಲ ನಂಬರಿನ ಪಿಯಾನೋ ಟೋನ್ ಬಂದು ಕೂತಿತ್ತು. ನಾನು ಗಡಿಬಿಡಿಯಲ್ಲಿ ಕೊಳಲಿನ ಟೋನ್ ಹುಡುಕಿ ಹಾಕಿದೆ. ಪಿಟೀಲಿನ ಟೋನ್ ಜೊತೆಗೆ ಸೇರಿಸಿದೆ. ವಾಲ್ಯೂಮ್ ನೋಡಿದೆ. ಟ್ರಾನ್ಸ್‌ಪೋಸ್ ನೋಡಲಿಲ್ಲ. ಕರೆಂಟ್ ಹೋಗಿ ಬಂದರೆ ಆ ಕೀಬೋರ್ಡ್ ಎಲ್ಲವನ್ನೂ ಮರೆತು ಸೊನ್ನೆಗೆ ಹೋಗುತ್ತೆ ಅಂತ ನನಗೆ ಗೊತ್ತಿತ್ತು. ಮನೆಯಲ್ಲಿ ಎಷ್ಟೋ ಸಲ ಆಗಿತ್ತು.

ಅವಳು ನನ್ನ ಕಡೆ ನೋಡಿದಳು. ಸಾಮಾನ್ಯವಾಗಿ ನಾನು ಒಂದು ಸಲ ಷಡ್ಜ, ಅಂದರೆ ‘ಸ’ ಸ್ವರ, ಒತ್ತುತ್ತೇನೆ, ಅವಳು ಮಾನಿಟರ್‌ನಲ್ಲಿ ಕೇಳಿಸಿಕೊಂಡು ಎತ್ತಿಕೊಳ್ಳುತ್ತಾಳೆ. ಒತ್ತಿದೆ. ಅವಳಿಗೆ ಕೇಳಿಸಲಿಲ್ಲ. ಕೈ ಸನ್ನೆಯಲ್ಲಿ ‘ಇಲ್ಲ’ ಅಂದಳು. ಮತ್ತೆ ಒತ್ತಿದೆ. ಮುಂದಿನ ಹುಡುಗರು ಶಿಳ್ಳೆ ಹೊಡೆಯುತ್ತಿದ್ದರು. ಜನರೇಟರ್ ಗುರ್ ಅನ್ನುತ್ತಿತ್ತು. ಅವಳು ಕಣ್ಣು ಮುಚ್ಚಿ, ಮೂರು ವಾರ ಅಭ್ಯಾಸ ಮಾಡಿದ ಗಂಟಲನ್ನೇ ನಂಬಿ ಆಲಾಪ ಎತ್ತಿದಳು.

ಸರಿಯಾಗಿ ಎತ್ತಿದಳು. ಕೂದಲೆಳೆಯಷ್ಟೂ ಆಚೀಚೆ ಇಲ್ಲದೆ, ಬಿ ಸ್ಕೇಲಿನಲ್ಲಿ. ಇದನ್ನು ಈಗ ಹೇಳುತ್ತಿದ್ದೇನೆ. ಆಗ ನನಗೆ ಗೊತ್ತಾಗಲಿಲ್ಲ. ಆಲಾಪ ಮುಗಿಯಿತು, ನಾನು ಹಿಡಿದೆ, ಎರಡು ಮನೆ ಮೇಲೆ ಹಿಡಿದೆ. ಎರಡು ಮನೆ ಅಂತರ ಎಷ್ಟು ಕೆಟ್ಟದು ಅಂತ ಹಾರ್ಮೋನಿಯಂ ಇದ್ದವರು ಈಗಲೇ ಒತ್ತಿ ನೋಡಿ. ಸಿ ಶಾರ್ಪ್ ಮತ್ತು ಬಿ ಒಟ್ಟಿಗೆ ಒತ್ತಿ. ಹಲ್ಲು ಜುಮ್ ಅನ್ನುತ್ತೆ. ಎಂಟು ಬಾಕ್ಸಿನಲ್ಲಿ ಅದು ಜನರ ಮುಖಕ್ಕೆ ಹೊಡೆಯಿತು.

ವೇದಿಕೆ ಮೇಲಿದ್ದ ನನಗೆ ಕೇಳಿಸಿದ್ದು ಬರೀ ಗುಂಯ್. ಏನೋ ಸೇರುತ್ತಿಲ್ಲ ಅನ್ನುವುದಷ್ಟೇ ಗೊತ್ತಾಯಿತು. ನನ್ನ ಬೆರಳು ಸರಿಯಾದ ಮನೆಯ ಮೇಲೇ ಇತ್ತು. ಕಣ್ಣಿಗೆ ಕಾಣುತ್ತಿತ್ತು. ಹಾಗಾದರೆ ತಪ್ಪು ಅವಳದೇ ಅಂತ ಅಂದುಕೊಂಡೆ. ಅವಳ ಕಡೆ ನೋಡಿ, ಅಂಗೈ ಮೇಲಕ್ಕೆ ಎತ್ತಿ ಎತ್ತಿ ಸನ್ನೆ ಮಾಡಿದೆ. ಮೇಲೆ ಬಾ, ಸ್ಕೇಲ್ ಮೇಲೆ ಬಾ. ನನ್ನ ಮುಖದಲ್ಲಿ ಸಿಟ್ಟಿತ್ತು. ಅದೂ ನನಗೆ ನೆನಪಿದೆ.

ಅವಳು ನನ್ನನ್ನು ನಂಬಿದಳು. ಎರಡನೇ ಸಾಲಿಗೆ ದನಿಯನ್ನು ಮೇಲಕ್ಕೆ ಎಳೆದಳು. ಎಷ್ಟು ಮೇಲೆ ಅಂತ ಗೊತ್ತಿಲ್ಲದೆ ಎಳೆದಳು, ಕೇಳಿಸಿದರೆ ತಾನೇ ಗೊತ್ತಾಗೋದು? ತನ್ನ ದನಿ ಕೇಳಿಸಲಿ ಅಂತ ಒಂದೊಂದೇ ಹೆಜ್ಜೆ ಮುಂದೆ ಹೋಗುತ್ತಾ ಬಾಕ್ಸ್‌ಗಳ ಸಾಲನ್ನೂ ದಾಟಿ ನಿಂತಳು. ಮೈಕು ಬಾಕ್ಸಿನ ಎದುರಿಗೆ ಬಂದದ್ದೇ ತಡ, ಕುಂಯ್ ಅಂತ ಕಿರುಚಿತು. ಮಿಕ್ಸರ್ ಹುಡುಗ ಅವಳ ಮೈಕನ್ನು ಪೂರಾ ಇಳಿಸಿದ. ಕಿರುಚು ನಿಂತ ಮೇಲೆ ಒಮ್ಮೆಗೇ ಏರಿಸಿದ. ಅವನು ಏರಿಸಿದ ಆ ಗಳಿಗೆಯಲ್ಲೇ ಅವಳು ಮೇಲಿನ ಷಡ್ಜಕ್ಕೆ ಹೋಗುತ್ತಿದ್ದಳು, ದನಿ ಒಡೆಯಿತು. ಅದು ಊರಿಗೆಲ್ಲ ಕೇಳಿಸಿತು. ಕಂಬದ ಹಾರ್ನ್‌ಗಳಲ್ಲೂ ಕೇಳಿಸಿತು. ಹುಡುಗರು ನಕ್ಕರು. ಫೋನುಗಳು ಮೇಲೆದ್ದವು.

ಸಮಿತಿಯ ಹಿರಿಯರೊಬ್ಬರು ವೇದಿಕೆ ಹತ್ತಿ ಬಂದರು. "ಸಾಕಮ್ಮ, ಸಾಕು. ಬೇರೆ ಹಾಡು ಹಾಕ್ರಪ್ಪ, ಗಂಡು ವಾಯ್ಸ್ ಹಾಡ್ಲಿ." ಇದನ್ನೂ ಅವರು ಮೈಕಿನಲ್ಲೇ ಹೇಳಿದರು. ಅವಳು ಮೈಕನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ಹಿಂದೆ ಹೋದಳು. ಅಲ್ಲಿ ನನ್ನ ಕೀಬೋರ್ಡಿನ ಖಾಲಿ ಪೆಟ್ಟಿಗೆ ಇತ್ತು. ಅದರ ಮೇಲೆ ಕೂತಳು. ಕೊನೆಯ ಹಾಡಿನವರೆಗೂ ಅಲ್ಲೇ ಕೂತಿದ್ದಳು.

ವೇದಿಕೆ ಮೇಲೆ ಏನು ಕೇಳಿಸುತ್ತೆ

ಮುಂದೆ ಕೂತು ನೋಡುವವರಿಗೆ ಒಂದು ವಿಷಯ ಊಹೆಗೆ ಬರಲ್ಲ. ಬಾಕ್ಸ್‌ಗಳ ಪಕ್ಕದಲ್ಲೇ ನಿಂತಿರುವವರಿಗೆ ಎಲ್ಲರಿಗಿಂತ ಚೆನ್ನಾಗಿ ಕೇಳಿಸುತ್ತೆ ಅಂದುಕೊಳ್ಳುತ್ತಾರೆ. ಆದರೆ ಬಾಕ್ಸಿನ ಹಿಂದೆ ಬರುವುದು ಬೇಸ್ ಮಾತ್ರ. ಮಾತಿನ ಅಂಚು, ಸ್ವರದ ಅಂಚು, ತಾಳದ ಚಟ್ ಅನ್ನುವ ಸದ್ದು, ಎಲ್ಲಾ ಮುಂದಕ್ಕೆ ಹೋಗಿಬಿಡುತ್ತೆ. ಶ್ರುತಿ ಹಿಡಿಯಲು ಬೇಕಾದದ್ದೇ ಆ ಅಂಚು. ಅದು ನಮಗೆ ಸಿಗುವುದು ಎದುರಿನ ಗೋಡೆಗೆ ಬಡಿದು ವಾಪಸ್ ಬಂದ ಮೇಲೆ.

ಆ ವಾಪಸ್ ಬರುವ ಸದ್ದು ಎಂಥ ಮೋಸ ಮಾಡುತ್ತೆ ಅಂತ ಆಮೇಲೆ ಕೂತು ಲೆಕ್ಕ ಹಾಕಿದೆ. ಸದ್ದು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತೆ. ಶಾಲೆ ಗೋಡೆ 50 ಮೀಟರ್ ದೂರ. ಹೋಗಿ ಬರಲು 100 ಮೀಟರ್. ಅಂದರೆ ಸುಮಾರು 0.3 ಸೆಕೆಂಡ್. ಆ ಹಾಡಿನ ನಡೆ ನಿಮಿಷಕ್ಕೆ ಸುಮಾರು 100 ಪೆಟ್ಟು. ಎರಡು ಪೆಟ್ಟಿನ ನಡುವೆ 0.6 ಸೆಕೆಂಡ್. ಗೋಡೆಯಿಂದ ಬರುವ ಪೆಟ್ಟು ಹೆಚ್ಚುಕಡಿಮೆ ಅರ್ಧ ಪೆಟ್ಟು ತಡ. ನಮ್ಮ ಪ್ಯಾಡ್ ಹುಡುಗ ತಾನು ಬಾರಿಸಿದ್ದನ್ನೇ ಅರ್ಧ ಪೆಟ್ಟು ತಡವಾಗಿ ಕೇಳುತ್ತಿದ್ದ. ಯಾವುದು ತನ್ನದು, ಯಾವುದು ಗೋಡೆಯದು ಅಂತ ತಿಳಿಯದೆ ನಿಧಾನವಾಗುತ್ತಾ ಹೋದ. ಕೊನೆಗೆ ನನ್ನ ಭುಜ ಅಲ್ಲಾಡುವುದನ್ನೇ ನೋಡಿಕೊಂಡು ಬಾರಿಸಿದೆ ಅಂದ. ರಿದಮ್ ಪ್ಯಾಡಿಗೆ ಸ್ವಂತ ದನಿ ಇಲ್ಲ ಅನ್ನುವುದನ್ನು ನೆನಪಿಡಿ. ವೈರ್ ಕಿತ್ತರೆ ಅದು ಬರೀ ರಬ್ಬರ್.

ದೊಡ್ಡವರಿಗೂ ಇದೇ ಪಾಡು ಬಂದಿತ್ತು. 1965ರ ಆಗಸ್ಟ್ 15ರಂದು ಇಂಗ್ಲೆಂಡಿನ ಬೀಟಲ್ಸ್ ತಂಡ ನ್ಯೂಯಾರ್ಕಿನ ಶಿಯಾ ಸ್ಟೇಡಿಯಂನಲ್ಲಿ ಐವತ್ತೈದು ಸಾವಿರಕ್ಕೂ ಹೆಚ್ಚು ಜನರ ಎದುರು ಹಾಡಿತು. ಅವರ ಕಡೆ ತಿರುಗಿದ ಮಾನಿಟರ್ ಇರಲಿಲ್ಲ. ಜನರ ಕೂಗಿನಲ್ಲಿ ತಮ್ಮ ಹಾಡು ತಮಗೇ ಕೇಳಿಸುತ್ತಿರಲಿಲ್ಲ. ಡ್ರಮ್ಸ್ ಬಾರಿಸುತ್ತಿದ್ದ ರಿಂಗೊ ಸ್ಟಾರ್ ಅಂಥ ಕಾರ್ಯಕ್ರಮಗಳಲ್ಲಿ ಮುಂದೆ ನಿಂತವರ ಮೈಯಾಟ ನೋಡಿ ಹಾಡು ಎಲ್ಲಿದೆ ಅಂತ ಊಹಿಸುತ್ತಿದ್ದೆ ಅಂದಿದ್ದಾರೆ. ಮಾರನೇ ವರ್ಷ, 1966ರಲ್ಲಿ, ಅವರು ಊರೂರು ಸುತ್ತಿ ಹಾಡುವುದನ್ನೇ ನಿಲ್ಲಿಸಿದರು. ಇದನ್ನು ಓದಿದಾಗ ನಮ್ಮ ಪ್ಯಾಡ್ ಹುಡುಗನೇ ಕಣ್ಣ ಮುಂದೆ ಬಂದ.

ಇನ್ನು ಆ ಕುಂಯ್. ಮೈಕಿಗೆ ಬಾಕ್ಸಿನ ಸದ್ದು ಸಿಕ್ಕಿದರೆ ಅದನ್ನೇ ಮತ್ತೆ ಬಾಕ್ಸಿಗೆ ಕಳಿಸುತ್ತೆ. ಬಾಕ್ಸ್ ಅದನ್ನು ಇನ್ನೂ ದೊಡ್ಡದು ಮಾಡಿ ಮೈಕಿಗೆ ಕೊಡುತ್ತೆ. ಕಣ್ಣು ಮಿಟುಕಿಸುವಷ್ಟರಲ್ಲಿ ಈ ಸುತ್ತಾಟ ಕಿರುಚಾಟವಾಗುತ್ತೆ. ನಮ್ಮ ವೇದಿಕೆಗಳ ಮೇಲೆ ಇರುವ ಮೈಕ್ ಬಹುಪಾಲು ಶ್ಯೂರ್ ಕಂಪನಿಯ ಎಸ್‌ಎಂ58, ಇಲ್ಲವೇ ಅದರ ನಕಲು. 1966ರಿಂದ ಬರುತ್ತಿರುವ ಮೈಕ್ ಅದು. ಅದು ಬಾಯಿಯ ಕಡೆಯಿಂದ ಬರುವುದನ್ನು ಚೆನ್ನಾಗಿ ಹಿಡಿಯುತ್ತೆ, ಬೆನ್ನಿನ ಕಡೆಯಿಂದ ಬರುವುದಕ್ಕೆ ಹೆಚ್ಚುಕಡಿಮೆ ಕಿವುಡು. ಅದಕ್ಕೇ ಮಾನಿಟರ್ ಬಾಕ್ಸನ್ನು ಹಾಡುವವರ ಕಾಲಿನ ಮುಂದೆ, ಮೈಕಿನ ಬೆನ್ನಿಗೆ ಬರುವ ಹಾಗೆ ಇಡುತ್ತಾರೆ. ಕೆಲವರು ಸ್ಟೈಲಿಗೆ ಮೈಕಿನ ತಲೆಯನ್ನು ಮುಷ್ಟಿಯಲ್ಲಿ ಮುಚ್ಚಿ ಹಿಡಿಯುತ್ತಾರಲ್ಲ, ಆಗ ಬೆನ್ನಿನ ಆ ಕಿವುಡು ಹೋಗಿ ಎಲ್ಲಾ ಕಡೆಯಿಂದಲೂ ಸದ್ದು ಎಳೆದುಕೊಳ್ಳುತ್ತೆ. ಅದರ ಮೇಲೆ ಎಕೋ ಬೇರೆ. ನಮ್ಮ ಕಡೆ ಎಕೋ ಇಲ್ಲದಿದ್ದರೆ ಮೈಕೇ ಸರಿಯಿಲ್ಲ ಅನ್ನುತ್ತಾರೆ. ಅವಳು ಆ ರಾತ್ರಿ ಹಾಡುವ ಮುಂಚೆ ಕೇಳಿದ್ದು ಎರಡೇ ಮಾತು. "ಅಣ್ಣ, ಎಕೋ ಕಮ್ಮಿ ಮಾಡಿ. ನನಗೆ ಒಂಚೂರು ಕೇಳಿಸೋ ಹಾಗೆ ಮಾಡಿ." ಎರಡೂ ಆಗಲಿಲ್ಲ.

ತಾತನ ಹಾರ್ಮೋನಿಯಂ

ನಮ್ಮ ತಾತ ಡ್ರಾಮಾ ಮೇಷ್ಟ್ರು. ತಿಪಟೂರು, ಗುಬ್ಬಿ, ತುರುವೇಕೆರೆ ಸುತ್ತಿನ ಹಳ್ಳಿಗಳಲ್ಲಿ ಪೌರಾಣಿಕ ನಾಟಕ ಕಲಿಸುತ್ತಿದ್ದರು. ಗುಬ್ಬಿ ಕಂಪನಿಯ ನಾಟಕ ನೋಡಿ ಬೆಳೆದ ಸೀಮೆ ಇದು. ಇಲ್ಲಿ ರೈತರು, ಅಂಗಡಿಯವರು, ಶಾನುಭೋಗರು ಎಲ್ಲರೂ ಮೂರು ತಿಂಗಳು ಅಭ್ಯಾಸ ಮಾಡಿ ಒಂದು ರಾತ್ರಿ ದುರ್ಯೋಧನನೋ ಕರ್ಣನೋ ಆಗುತ್ತಾರೆ. ಚಿಕ್ಕವನಿದ್ದಾಗ ನಾನು ತಾತನ ಜೊತೆ ಹೋಗಿ ಬೆಳಗಾಗುವವರೆಗೂ ಕೂರುತ್ತಿದ್ದೆ.

ತಾತನದು ಕಾಲಿನಲ್ಲಿ ತುಳಿದು ನುಡಿಸುವ ಹಾರ್ಮೋನಿಯಂ. ಅದನ್ನು ಇಡುತ್ತಿದ್ದ ಜಾಗ ಮುಖ್ಯ. ವೇದಿಕೆಯ ಮುಂದೆ, ಕೆಳಗೆ, ಪಾತ್ರಧಾರಿಗೆ ಎದುರಾಗಿ. ಜನರಿಗೆ ತಾತನ ಬೆನ್ನು ಮಾತ್ರ ಕಾಣುತ್ತಿತ್ತು. ಹಾರ್ಮೋನಿಯಂ ದನಿ ಮೊದಲು ಹೋಗುತ್ತಿದ್ದುದು ಹಾಡುವವನ ಕಿವಿಗೆ. ಒಂದು ಸಲ ದುರ್ಯೋಧನನ ಪಾತ್ರದ ಬೀಜದಂಗಡಿಯವರು ರಂಗದ ಮೇಲೆ ಬಂದು, ಜನ ನೋಡಿ ಗಾಬರಿಯಾಗಿ, ಶ್ರುತಿ ಮರೆತು ನಿಂತುಬಿಟ್ಟರು. ಕಿರೀಟ ನಡುಗುತ್ತಿತ್ತು. ಹಿಂದಿನಿಂದ ಜನ "ಹಾಡು, ಹಾಡು" ಅಂತ ಕೂಗಿದರು. ತಾತ ಅವಸರ ಮಾಡಲಿಲ್ಲ. ಷಡ್ಜ, ಪಂಚಮ ಎರಡನ್ನೇ ಒತ್ತಿ ಹಿಡಿದು ಸುಮ್ನೆ ತುಳಿಯುತ್ತಾ ಕೂತರು. ಬೇರೆ ಏನೂ ನುಡಿಸಲಿಲ್ಲ. ಆ ಮನುಷ್ಯನ ಮುಖ ನೋಡುತ್ತಲೇ ಇದ್ದರು. ಅರ್ಧ ನಿಮಿಷ ಆಗಿರಬೇಕು. ಅವರ ತುಟಿ ಅಲ್ಲಾಡಿತು, ಒಳಗೇ ಗುನುಗಿಕೊಂಡರು, ದನಿ ಸೇರಿತು. ಆಗ ತಾತ ಕಂದಪದ್ಯ ಎತ್ತಿಸಿದರು. ಹಾಡು ಮುಗಿದಾಗ ಒನ್ಸ್ ಮೋರ್ ಬಂತು.

ಬೆಳಿಗ್ಗೆ ಎತ್ತಿನ ಗಾಡಿಯಲ್ಲಿ ಬರುವಾಗ ನಾನು ಕೇಳಿದೆ, ಯಾಕೆ ಅಷ್ಟು ಹೊತ್ತು ಅದೇ ಎರಡು ಮನೆ ಒತ್ತಿ ಕೂತಿದ್ದೆ ಅಂತ. ತಾತ ಹೇಳಿದ್ದು ಇಷ್ಟೇ. "ಮೊದ್ಲು ಅವನ ಕಿವಿಗೆ ಹೋಗ್ಬೇಕು ಮಗಾ. ಆಮೇಲೆ ಜನಕ್ಕೆ."

ನನ್ನ ಕೀಬೋರ್ಡಿನಲ್ಲಿ ನೂರಾರು ಟೋನ್ ಇವೆ. ತಾತನ ಹಾರ್ಮೋನಿಯಂನಲ್ಲಿ ಇದ್ದದ್ದು ಒಂದೇ. ಆದರೆ ಅದು ಇಟ್ಟ ಜಾಗದಲ್ಲೇ ಹಾಡುತ್ತಿತ್ತು. ಕರೆಂಟ್ ಹೋದರೆ ಶ್ರುತಿ ಬದಲಾಗುತ್ತಿರಲಿಲ್ಲ. ನನ್ನ ಕೀಬೋರ್ಡಿನ ದನಿ ವೈರಿನಲ್ಲಿ ಹೋಗಿ, ಮಿಕ್ಸರ್ ಹೊಕ್ಕು, ಜನರ ಕಡೆ ತಿರುಗಿದ ಬಾಕ್ಸಿನಲ್ಲಿ ಹುಟ್ಟುತ್ತೆ. ಅಂದರೆ ಜನಕ್ಕೆ ಮೊದಲು, ಹಾಡುವವಳಿಗೆ ಕೊನೆಗೆ, ಅದೂ ಗೋಡೆ ಮನಸ್ಸು ಮಾಡಿದರೆ. ತಾತ ಹೇಳಿದ್ದಕ್ಕೆ ನಾವು ಪೂರ್ತಿ ಉಲ್ಟಾ ಮಾಡಿಕೊಂಡಿದ್ದೇವೆ. ಸಮಿತಿಯವರನ್ನು ಮಾತ್ರ ದೂರುವುದು ಸರಿಯಲ್ಲ. ನಾನೇ ಎಷ್ಟು ವರ್ಷ ಮಾನಿಟರ್ ಇಲ್ಲದೆ ನುಡಿಸಿದೆ, ‘ಅಡ್ಜಸ್ಟ್ ಮಾಡ್ಕೊಳೋಣ’ ಅಂದುಕೊಂಡೆ. ಆಗ ನಮ್ಮ ಕಡೆ ಒಂದು ಮಾನಿಟರ್ ಬಾಡಿಗೆ 500 ರೂಪಾಯಿ. ಅಷ್ಟು ದುಡ್ಡು ನಮ್ಮ ಕೈಯಿಂದಲೇ ಹಾಕಬಹುದಿತ್ತು.

ಮಾರನೇ ದಿನ

ಆ ರಾತ್ರಿ ಸಮಿತಿಯವರು 4,000 ಹಿಡಿದುಕೊಂಡು 18,000 ಕೊಟ್ಟರು. ಟೆಂಪೋದಲ್ಲಿ ಯಾರೂ ಮಾತಾಡಲಿಲ್ಲ. ಅವಳ ಮನೆ ತಿರುವು ಬಂದಾಗ ನಾನು ದುಡ್ಡು ಎಣಿಸುತ್ತಿದ್ದೆ. "ನನ್ನ ಪಾಲು ಬೇಡ ಅಣ್ಣ, ನನ್ನಿಂದ ತಾನೇ ಕಮ್ಮಿ ಆಗಿದ್ದು" ಅಂದಳು. ಬೇಡ ಕಣಮ್ಮ, ಇಟ್ಕೊ ಅಂತ ಒಂದು ಸಲ ಹೇಳಿದೆ. ಎರಡನೇ ಸಲ ಹೇಳಲಿಲ್ಲ. ಅವಳ ಪಾಲನ್ನು ನಾವು ಆರು ಜನ ಹಂಚಿಕೊಂಡೆವು.

ಬೆಳಿಗ್ಗೆ ಕೀಬೋರ್ಡಿನ ಅಡಾಪ್ಟರ್ ಸುಟ್ಟುಹೋಗಿದೆಯೋ ಅಂತ ನೋಡಲು ಮನೆಯಲ್ಲಿ ಹಾಕಿದೆ. ಹೊತ್ತಿಕೊಂಡಿತು. ಮೊದಲ ನಂಬರಿನ ಪಿಯಾನೋ. ಅಭ್ಯಾಸಬಲದಿಂದ ಟ್ರಾನ್ಸ್‌ಪೋಸ್ ಗುಂಡಿ ಮುಟ್ಟಿದೆ. ಪರದೆ ಮೇಲೆ ಸೊನ್ನೆ. ಅದನ್ನು ನೋಡುತ್ತಾ ಕೂತೆ. ಅಮ್ಮ ಕಾಫಿ ತಂದು ಇಟ್ಟಿದ್ದು, ಅದು ಆರಿ ಕೆನೆ ಕಟ್ಟಿದ್ದು ಗೊತ್ತಾಗಲಿಲ್ಲ. ಅಷ್ಟು ಹೊತ್ತಿಗೆ ವಿಡಿಯೋ ನಮ್ಮ ಫೋನಿಗೂ ಬಂದಿತ್ತು. ಹಾಕಿ ಕೇಳಿದೆ. ಅವಳ ಆಲಾಪದ ಜೊತೆ ಕೀಬೋರ್ಡಿನ ಬಿ ಒತ್ತಿದೆ. ಸೇರಿತು. ನನ್ನ ಕೊಳಲು ಬಂದಾಗ ಸಿ ಶಾರ್ಪ್ ಒತ್ತಿದೆ. ಅದೂ ಸೇರಿತು.

ತಂಡದ ಯಾರಿಗೂ ಹೇಳಲಿಲ್ಲ. ಇವತ್ತು ಹೇಳೋಣ, ಮುಂದಿನ ಪ್ರಾಕ್ಟೀಸಿಗೆ ಬಂದಾಗ ಹೇಳೋಣ ಅಂದುಕೊಂಡೆ. ಅವಳು ಪ್ರಾಕ್ಟೀಸಿಗೆ ಬರಲಿಲ್ಲ. ರಾಜ್ಯೋತ್ಸವಕ್ಕೆ ಬೇರೆ ಗಾಯಕಿಯನ್ನು ಕರೆದುಕೊಂಡೆವು. ಮುಂದಿನ ವರ್ಷ ಅವಳ ಮದುವೆಯಾಯಿತು. ಆಮೇಲೆ ಕೊರೊನಾ ಬಂತು, ಎರಡು ವರ್ಷ ಗಣಪತಿಯೇ ಸರಿಯಾಗಿ ಕೂರಲಿಲ್ಲ, ತಂಡ ಚದುರಿತು. ದಿನ ಕಳೆದಷ್ಟೂ ಹೇಳುವುದು ಕಷ್ಟವಾಗುತ್ತಾ ಹೋಯಿತು. ಮೊದಲ ದಿನವೇ ಹೇಳಿದ್ದರೆ ಒಂದು ತಪ್ಪು. ಆಮೇಲೆ ಅದು ನಾನು ದಿನಾ ಮಾಡುವ ತಪ್ಪಾಯಿತು.

ಟೀ ಅಂಗಡಿಯ ಆ ಮಾತು ಕೇಳಿದ ಭಾನುವಾರ ರೈಲು ಹತ್ತಿ ಅರಸೀಕೆರೆಗೆ ಹೋದೆ. ಅವಳು ಈಗ ಅಲ್ಲಿ ಮನೆಯಲ್ಲೇ ಬಟ್ಟೆ ಹೊಲಿಯುತ್ತಾಳೆ. ಹೋದಾಗಲೂ ಮಿಷನ್ ಮುಂದೆಯೇ ಇದ್ದಳು. ಪಕ್ಕದಲ್ಲಿ ಮಗಳು ಕಾಪಿ ಬರೆಯುತ್ತಿದ್ದಳು. ನಾನು ಎಲ್ಲಾ ಹೇಳಿದೆ. ಜನರೇಟರ್, ಸೊನ್ನೆ, ಕೈ ಮೇಲೆತ್ತಿ ಸನ್ನೆ ಮಾಡಿದ್ದು, ಅವಳ ಪಾಲಿನ ದುಡ್ಡು. ಅವಳ ಕಾಲು ಮಿಷನ್ ತುಳಿಯುವುದನ್ನು ನಿಲ್ಲಿಸಲಿಲ್ಲ. ರವಿಕೆಯ ಒಂದು ತೋಳು ಪೂರ್ತಿ ಹೊಲಿದು, ದಾರ ಕತ್ತರಿಸಿ, ಆಮೇಲೆ ನನ್ನ ಕಡೆ ತಿರುಗಿದಳು.

"ಆಲಾಪ ಸರಿ ಇತ್ತು ಅಂತ ನನಗೆ ಆವತ್ತೂ ಗೊತ್ತಿತ್ತು ಅಣ್ಣ. ಗಂಟಲಿಗೆ ಗೊತ್ತಾಗುತ್ತೆ. ನೀವು ಕೈ ಎತ್ತಿದ್ರಲ್ಲ, ಆಗ ನನಗೆ ನನ್ನ ಮೇಲೆ ಅನುಮಾನ ಬಂತು. ಆಮೇಲೆ ಯಾವತ್ತೂ ಹೋಗ್ಲಿಲ್ಲ ಆ ಅನುಮಾನ. ಮನೇಲಿ ದೇವರ ಮುಂದೆ ಹಾಡುವಾಗ್ಲೂ ಬರುತ್ತೆ."

ನಾನು ಏನು ಹೇಳಲಿ? ಒಂದು ಕಾರ್ಯಕ್ರಮ ಇದೆ, ಮಾನಿಟರ್ ನಾನೇ ತರ್ತೀನಿ, ಬಂದು ಹಾಡು ಅಂದೆ. ಬೇಡ ಅಂದಳು. ಮಗಳನ್ನು ಸಂಗೀತಕ್ಕೆ ಸೇರಿಸಿದ್ದಾಳಂತೆ. ಹೊರಡುವಾಗ ಬಾಗಿಲವರೆಗೂ ಬಂದಳು.

"ನನಗೆ ಹೇಳಿದ್ರಿ, ಒಳ್ಳೇದಾಯ್ತು. ಆದ್ರೆ ಕೇಳಿಸ್ಕೊಂಡವರು ಅವರಲ್ವಾ ಅಣ್ಣ? ಅವರಿಗೆ ಯಾರು ಹೇಳ್ತಾರೆ?"

ಅದಕ್ಕೇ ಇದನ್ನು ಬರೆದೆ. ಆ ರಾತ್ರಿ ಆ ಮೈದಾನದಲ್ಲಿ ಇದ್ದವರು ಇದನ್ನು ಓದುತ್ತಿದ್ದರೆ ನಿಮಗೆ ಯಾವ ಊರು, ಯಾವ ಹಾಡು ಅಂತ ಗೊತ್ತಾಗಿರುತ್ತೆ. ಆ ವಿಡಿಯೋ ನಿಮ್ಮ ಫೋನಿನಲ್ಲಿ ಇನ್ನೂ ಇದ್ದರೆ ಒಂದು ಸಲ ಹಾಕಿ. ಕೊಳಲು ಬರುವ ಮುಂಚೆ ಇಪ್ಪತ್ತು ಸೆಕೆಂಡ್ ಅವಳು ಒಬ್ಬಳೇ ಹಾಡುತ್ತಾಳೆ. ಅಷ್ಟನ್ನು ಮಾತ್ರ ಕೇಳಿ. ಜನರೇಟರ್ ಸದ್ದು, ಶಿಳ್ಳೆ ಎಲ್ಲಾ ಇದೆ. ಅದರ ನಡುವೆ ಅವಳ ಷಡ್ಜ ನಿಂತಿದೆ. ಆಮೇಲೆ ತಪ್ಪಾಗಿ ಬಂದದ್ದು ನನ್ನ ಕೊಳಲು.